ಪಾರಂಪರಿಕ ಜ್ಞಾನ ಯಾರದು, ಪೇಟೆಂಟ್ ಯಾರಿಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮೂಲನಿವಾಸಿ ಸಮುದಾಯಗಳ ಜ್ಞಾನಕ್ಕೂ ಪೇಟೆಂಟ್, ಕಾಪಿರೈಟ್‌ಗಳಂಥ ಬೌದ್ಧಿಕ ಆಸ್ತಿ ಕಾನೂನಿಗೂ ಇರುವ ತಿಕ್ಕಾಟದ ಬಗ್ಗೆ ಅಂತರರಾಷ್ಟ್ರೀಯ ಮಟ್ಟದಲ್ಲಿ ಕಾಲು ಶತಮಾನದಿಂದ ಮಾತುಕತೆ ನಡೆದಿದೆ. 2024ರ ಮೇ 24ರಂದು ಜಿನೀವಾದಲ್ಲಿ ಒಂದು ಒಪ್ಪಂದದ ರೂಪದಲ್ಲಿ ಅದಕ್ಕೆ ಮೊದಲ ಫಲ ಸಿಕ್ಕಿತು. ಆ ಮಾತುಕತೆ ಹೇಗೆ ನಡೆಯಿತು, ಅದರಿಂದ ಸಿಕ್ಕಿದ್ದೇನು, ಸಿಗದೆ ಉಳಿದದ್ದೇನು ಎಂಬುದನ್ನು ಕನ್ನಡದ ಓದುಗರು, ಅದರಲ್ಲೂ ಗ್ರಾಮ ಪಂಚಾಯಿತಿ, ಅರಣ್ಯ ಹಕ್ಕು ಸಮಿತಿ ಮತ್ತು ನಾಟಿ ವೈದ್ಯದ ದಾಖಲಾತಿಯಲ್ಲಿ ತೊಡಗಿರುವವರು, ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳ ಮೂಲಕ ಇಲ್ಲಿ ವಿವರಿಸಲಾಗಿದೆ.

ಪಾರಂಪರಿಕ ಜ್ಞಾನ ಎಂದರೆ ನಿಖರವಾಗಿ ಏನು?

ಒಂದು ಸಮುದಾಯವು ತಾನು ಬದುಕುವ ನೆಲ, ನೀರು, ಕಾಡುಗಳ ಜೊತೆಗಿನ ಒಡನಾಟದಲ್ಲಿ ಕಂಡುಕೊಂಡು, ತಲೆಮಾರಿನಿಂದ ತಲೆಮಾರಿಗೆ ದಾಟಿಸುತ್ತ, ಪ್ರತಿ ತಲೆಮಾರಿನಲ್ಲೂ ಸ್ವಲ್ಪ ತಿದ್ದಿಕೊಳ್ಳುತ್ತ ಬಂದ ತಿಳಿವಳಿಕೆಯೇ ಪಾರಂಪರಿಕ ಜ್ಞಾನ. ಮದ್ದಿನ ಬೇರು ಯಾವುದು, ಅದನ್ನು ಯಾವ ತಿಂಗಳಲ್ಲಿ ಅಗೆಯಬೇಕು, ಎಷ್ಟು ಬಿಟ್ಟು ಎಷ್ಟು ತೆಗೆಯಬೇಕು, ಬಿತ್ತನೆಯ ಬೀಜವನ್ನು ಹೇಗೆ ಕಾಪಿಡಬೇಕು, ಜೇನು ಇಳಿಸುವಾಗ ಹುಟ್ಟಿನ ಯಾವ ಭಾಗವನ್ನು ಮುಟ್ಟಬಾರದು ಎಂಬುದೆಲ್ಲ ಇದರಲ್ಲಿ ಸೇರುತ್ತದೆ. ‘ಪಾರಂಪರಿಕ’ ಎಂದ ಮಾತ್ರಕ್ಕೆ ಅದು ಹಳತು, ನಿಂತ ನೀರು ಎಂದು ತಿಳಿಯಬಾರದು. ಹಳತಾಗಿರುವುದು ಅದು ದಾಟಿ ಬಂದ ದಾರಿ. ಜ್ಞಾನ ಇಂದಿಗೂ ಬೆಳೆಯುತ್ತಿದೆ.

ಅಂತರರಾಷ್ಟ್ರೀಯ ಚರ್ಚೆಯಲ್ಲಿ ಇದರ ಜೊತೆಗೆ ಇನ್ನೆರಡು ವಿಷಯಗಳು ಸೇರಿಕೊಂಡಿವೆ. ಮೊದಲನೆಯದು ಆನುವಂಶಿಕ ಸಂಪನ್ಮೂಲ, ಅಂದರೆ ಸಸ್ಯ, ಪ್ರಾಣಿ, ಸೂಕ್ಷ್ಮಜೀವಿಗಳ ಉಪಯುಕ್ತ ಜೈವಿಕ ಸಾಮಗ್ರಿ. ಎರಡನೆಯದು ಹಾಡು, ಕುಣಿತ, ಕಸೂತಿ, ಕಥೆ, ವಿನ್ಯಾಸಗಳಂಥ ಪಾರಂಪರಿಕ ಸಾಂಸ್ಕೃತಿಕ ಅಭಿವ್ಯಕ್ತಿ. ಸಮುದಾಯದ ಒಳಗೆ ಈ ಮೂರನ್ನೂ ಬೇರೆ ಬೇರೆ ಮಾಡಿ ಯಾರೂ ನೋಡುವುದಿಲ್ಲ. ಮದ್ದು ಕೀಳುವ ಮುನ್ನ ಹೇಳುವ ಹಾಡಿನಲ್ಲೇ ಮದ್ದಿನ ಗುರುತು ಇರಬಹುದು. ವಿಂಗಡಣೆ ಕಾನೂನಿನ ಅನುಕೂಲಕ್ಕಾಗಿ ಆದದ್ದು.

ಈಗಿರುವ ಪೇಟೆಂಟ್, ಕಾಪಿರೈಟ್ ಕಾನೂನುಗಳು ಇದಕ್ಕೆ ಏಕೆ ಸಾಲುವುದಿಲ್ಲ?

ಆ ಕಾನೂನುಗಳು ಬೇರೆಯೇ ಬಗೆಯ ಸೃಷ್ಟಿಯನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡವು. ಪೇಟೆಂಟಿಗೆ ಹೊಸತನ ಬೇಕು. ಸಮುದಾಯದ ಜ್ಞಾನ ಹೊಸತಲ್ಲ. ಕಾಪಿರೈಟಿಗೆ ಗುರುತಿಸಬಹುದಾದ ಕರ್ತೃ ಬೇಕು. ಬೀಸುವ ಪದವನ್ನು ಕಟ್ಟಿದವರು ಯಾರೆಂದು ಹೇಳಲು ಬಾರದು. ಎರಡಕ್ಕೂ ಅವಧಿಯ ಮಿತಿಯಿದ್ದು, ಅವಧಿ ಮುಗಿದ ಮೇಲೆ ಆ ವಸ್ತು ಎಲ್ಲರ ಪಾಲಾಗುತ್ತದೆ. ಪರಿಣಾಮವಾಗಿ ಸಮುದಾಯದ ಜ್ಞಾನವನ್ನು ಕಾನೂನು ಮೊದಲಿನಿಂದಲೂ ‘ಯಾರದ್ದೂ ಅಲ್ಲದ್ದು’ ಎಂದು ಕಾಣುತ್ತದೆ. ಅದೇ ಜ್ಞಾನವನ್ನು ಪ್ರಯೋಗಾಲಯಕ್ಕೆ ಒಯ್ದು, ಒಂದು ಸಾರವನ್ನು ಬೇರ್ಪಡಿಸಿ, ಅರ್ಜಿ ಬರೆದವರಿಗೆ ಸಾಮಾನ್ಯವಾಗಿ 20 ವರ್ಷಗಳ ಏಕಸ್ವಾಮ್ಯ ದೊರೆಯುತ್ತದೆ. ಹೀಗೆ ಅನುಮತಿಯಿಲ್ಲದೆ, ಹೆಸರು ಹೇಳದೆ, ಪಾಲು ಕೊಡದೆ ಪಡೆದುಕೊಳ್ಳುವುದನ್ನು ಜೈವಿಕ ಕಳವು ಅಥವಾ ಬಯೋಪೈರಸಿ ಎಂದು ಕರೆಯುತ್ತಾರೆ.

ಅರಿಶಿನದ ಪೇಟೆಂಟ್ ರದ್ದಾಯಿತಲ್ಲ? ಅಂದ ಮೇಲೆ ಇರುವ ಕಾನೂನೇ ಸಾಕಲ್ಲವೆ?

ಆ ಪ್ರಕರಣವನ್ನು ನಾವು ಗೆಲುವೆಂದು ನೆನೆಯುತ್ತೇವೆ, ಅದು ಸರಿ. ಆದರೆ ಗೆದ್ದದ್ದು ಹೇಗೆ ಎಂಬುದನ್ನು ಗಮನಿಸಿದರೆ ಕಾನೂನಿನ ಕೊರತೆ ಕಣ್ಣಿಗೆ ಕಟ್ಟುತ್ತದೆ. 1995ರಲ್ಲಿ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ, ಗಾಯ ಮಾಯಲು ಅರಿಶಿನ ಬಳಸುವ ವಿಧಾನದ ಮೇಲೆ ಪೇಟೆಂಟ್ ದೊರೆಯಿತು. ತರಕಾರಿ ಹೆಚ್ಚುವಾಗ ಬೆರಳು ಕೊಯ್ದುಕೊಂಡರೆ ಮಸಾಲೆ ಡಬ್ಬಿಯಿಂದ ಒಂದು ಚಿಟಿಕೆ ಅರಿಶಿನ ತೆಗೆದು ಒತ್ತಿ ಹಿಡಿಯುವುದು, ರಕ್ತ ನಿಂತ ಮೇಲೆ ಅದರ ಮೇಲೆಯೇ ಹಳೆಯ ಬಟ್ಟೆಯ ಚೂರು ಸುತ್ತುವುದು ನಮ್ಮ ಯಾವ ಮನೆಯಲ್ಲಿ ನಡೆದಿಲ್ಲ? ಆದರೆ ಅಂದಿನ ಅಮೆರಿಕದ ಕಾನೂನಿನ ಪ್ರಕಾರ ಹೊರದೇಶದಲ್ಲಿ ಜನ ಬಾಯಿಮಾತಿನಿಂದ ತಿಳಿದು ಬಳಸುತ್ತಿದ್ದುದು ಲೆಕ್ಕಕ್ಕೆ ಬರುತ್ತಿರಲಿಲ್ಲ. ಅಚ್ಚಾದ ಪುರಾವೆಯೇ ಬೇಕಿತ್ತು.

ಆರ್. ಎ. ಮಾಶೇಲ್ಕರ್ ಅವರ ನೇತೃತ್ವದಲ್ಲಿದ್ದ ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯು 1996ರಲ್ಲಿ ಮರುಪರಿಶೀಲನೆಗೆ ಅರ್ಜಿ ಸಲ್ಲಿಸಿ, ಸಂಸ್ಕೃತ, ಉರ್ದು, ಹಿಂದಿ ಗ್ರಂಥಗಳೂ 1953ರ ಒಂದು ವೈದ್ಯಕೀಯ ಲೇಖನವೂ ಸೇರಿದಂತೆ 32 ಉಲ್ಲೇಖಗಳನ್ನು ಮುಂದಿಟ್ಟಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಒಂದು ದೇಶದ ಸರ್ಕಾರಿ ಸಂಸ್ಥೆ, ಅದರ ವಿಜ್ಞಾನಿಗಳು, ವಕೀಲರು, ಹಣ ಎಲ್ಲವೂ ಒಂದು ಚಿಟಿಕೆ ಅರಿಶಿನಕ್ಕಾಗಿ ದುಡಿಯಬೇಕಾಯಿತು. ಗ್ರಂಥಗಳಲ್ಲಿ ಬರೆದಿಡದ, ಕಾಡಿನ ಅಂಚಿನ ಒಂದು ಹಾಡಿಯಲ್ಲಿ ಮಾತ್ರ ತಿಳಿದಿರುವ ಬೇರಿನ ಬಗ್ಗೆ ಇಂಥದೇ ಪೇಟೆಂಟ್ ಆಗಿದ್ದರೆ ಆ ಜನ ಯಾವ ಅಚ್ಚಿನ ಪುಟವನ್ನು ತೋರಿಸುತ್ತಿದ್ದರು? ಅಮೆರಿಕ ತನ್ನ ಕಾನೂನಿನ ಈ ಭೌಗೋಳಿಕ ಮಿತಿಯನ್ನು 2011ರ ತಿದ್ದುಪಡಿಯಲ್ಲಿ ತೆಗೆದುಹಾಕಿತು, 2013ರಲ್ಲಿ ಅದು ಜಾರಿಗೆ ಬಂತು. ಆದರೂ ಬಾಯಿಮಾತಿನ ಜ್ಞಾನವನ್ನು ಸಾಬೀತುಪಡಿಸುವ ಹೊರೆ ಇಂದಿಗೂ ಹಗುರವಾಗಿಲ್ಲ.

ಬೇವಿನ ಪ್ರಕರಣಕ್ಕೂ ಕರ್ನಾಟಕಕ್ಕೂ ಏನು ಸಂಬಂಧ?

ಬೇವಿನೆಣ್ಣೆಯಿಂದ ಗಿಡಗಳ ಶಿಲೀಂಧ್ರ ರೋಗವನ್ನು ತಡೆಯುವ ವಿಧಾನಕ್ಕೆ ಯುರೋಪಿಯನ್ ಪೇಟೆಂಟ್ ಕಚೇರಿಯು 1994ರಲ್ಲಿ ಅಮೆರಿಕದ ಡಬ್ಲ್ಯು. ಆರ್. ಗ್ರೇಸ್ ಕಂಪನಿಗೂ ಆ ದೇಶದ ಕೃಷಿ ಇಲಾಖೆಗೂ ಜಂಟಿಯಾಗಿ ಪೇಟೆಂಟ್ ಕೊಟ್ಟಿತು. ಪರಿಸರ ಹೋರಾಟಗಾರ್ತಿ ವಂದನಾ ಶಿವ, ಯುರೋಪಿಯನ್ ಸಂಸತ್ತಿನ ಹಸಿರು ಪಕ್ಷದ ಮಗ್ದಾ ಆಲ್ವೂಟ್ ಮತ್ತು ಸಾವಯವ ಕೃಷಿಯ ಅಂತರರಾಷ್ಟ್ರೀಯ ಒಕ್ಕೂಟ ಅದನ್ನು ಪ್ರಶ್ನಿಸಿದರು. 2000ದಲ್ಲಿ ಪೇಟೆಂಟ್ ರದ್ದಾಯಿತು. ಮೇಲ್ಮನವಿಯೂ 2005ರ ಮಾರ್ಚ್ 8ರಂದು ವಜಾ ಆಯಿತು. ಆಕ್ಷೇಪಣೆಯ ಅರ್ಜಿಯಿಂದ ಅಂತಿಮ ತೀರ್ಪಿನ ತನಕ ಒಂದು ದಶಕ ಹಿಡಿಯಿತು.

ಕರ್ನಾಟಕದ ನಂಟು ಎರಡು ಕಡೆಯಿಂದ ಬರುತ್ತದೆ. ಬೇವಿನ ಬೀಜ ಸಂಸ್ಕರಿಸಲು ಆ ಕಂಪನಿಯ ಸಹಭಾಗಿತ್ವದ ಘಟಕವೊಂದು ತುಮಕೂರಿನಲ್ಲಿ ಆರಂಭವಾಗಿತ್ತು. ಪ್ರೊ. ಎಂ. ಡಿ. ನಂಜುಂಡಸ್ವಾಮಿ ಅವರ ನಾಯಕತ್ವದ ಕರ್ನಾಟಕ ರಾಜ್ಯ ರೈತ ಸಂಘವು 1990ರ ದಶಕದಲ್ಲಿ ಬೀಜ ಮತ್ತು ಬೇವಿನ ಮೇಲಿನ ಏಕಸ್ವಾಮ್ಯವನ್ನು ಬೀದಿಗಿಳಿದು ವಿರೋಧಿಸಿತು. ಯುಗಾದಿಯ ದಿನ ಬೇವು-ಬೆಲ್ಲ ಹಂಚುವ ಜನರಿಗೆ ಬೇವು ಯಾರದೋ ಸ್ವತ್ತಾಗಬಹುದು ಎಂಬ ಸುದ್ದಿಯನ್ನು ವಿವರಿಸಿ ಹೇಳುವ ಅಗತ್ಯವೇ ಇರಲಿಲ್ಲ.

ಭಾರತದ ಪಾರಂಪರಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ ಈ ಸಮಸ್ಯೆಯನ್ನು ಪರಿಹರಿಸಿದೆಯೆ?

ಅರ್ಧ ಭಾಗವನ್ನು ಪರಿಹರಿಸಿದೆ. 2001ರಲ್ಲಿ ಆರಂಭವಾದ ಈ ಗ್ರಂಥಾಲಯವು ಆಯುರ್ವೇದ, ಯುನಾನಿ, ಸಿದ್ಧ ಮುಂತಾದ ಪದ್ಧತಿಗಳ ಗ್ರಂಥಗಳಲ್ಲಿರುವ ಮದ್ದಿನ ಮಿಶ್ರಣಗಳ ವಿವರಗಳನ್ನು ಇಂಗ್ಲಿಷ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಜಪಾನಿ ಭಾಷೆಗಳಲ್ಲಿ ಪೇಟೆಂಟ್ ಪರೀಕ್ಷಕರಿಗೆ ಅರ್ಥವಾಗುವ ರೂಪಕ್ಕೆ ತಂದಿದೆ. ಸಂಸ್ಕೃತ ಶ್ಲೋಕವೊಂದರಲ್ಲಿರುವ ಗಿಡದ ಹೆಸರು, ರೋಗದ ಹೆಸರು, ತಯಾರಿಕೆಯ ಕ್ರಮಗಳನ್ನು ಒಂದೊಂದಾಗಿ ಸಂಕೇತಕ್ಕೆ ಇಳಿಸಿ, ಮ್ಯೂನಿಕ್‌ನಲ್ಲಿ ಕುಳಿತ ಪರೀಕ್ಷಕ ತನ್ನ ಭಾಷೆಯಲ್ಲಿ ಹುಡುಕಿದರೂ ಸಿಗುವಂತೆ ಮಾಡಿರುವುದು ನಿಜಕ್ಕೂ ದೊಡ್ಡ ಕೆಲಸ. ಯುರೋಪಿಯನ್ ಪೇಟೆಂಟ್ ಕಚೇರಿಯ ಜೊತೆ 2009ರಲ್ಲಿ ಬಳಕೆಯ ಒಪ್ಪಂದವಾಯಿತು. ಹಲವು ಅರ್ಜಿಗಳು ಇದರಿಂದಾಗಿ ಬಿದ್ದುಹೋಗಿವೆ ಅಥವಾ ತಿದ್ದುಪಡಿಗೆ ಒಳಗಾಗಿವೆ.

ಆದರೆ ಇದು ಬೇಲಿ ಮಾತ್ರ. ಬೇರೆಯವರು ಪೇಟೆಂಟ್ ಪಡೆಯದಂತೆ ತಡೆಯುತ್ತದೆ. ಸಮುದಾಯಕ್ಕೆ ಯಾವ ಹಕ್ಕನ್ನೂ ಕೊಡುವುದಿಲ್ಲ. ಜೊತೆಗೆ ಇದು ಗ್ರಂಥಸ್ಥ ಜ್ಞಾನಕ್ಕೆ ಸೀಮಿತ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ, ಜೇನು ಕುರುಬರ, ಮಲೆಕುಡಿಯರ, ಸಿದ್ದಿಗಳ ತಿಳಿವಳಿಕೆಯಲ್ಲಿ ಬಹುಪಾಲು ಯಾವ ಗ್ರಂಥದಲ್ಲೂ ಇಲ್ಲ.

ಹಾಗಾದರೆ ಬಾಯಿಮಾತಿನ ಜ್ಞಾನವನ್ನೂ ಬರೆದಿಟ್ಟುಬಿಟ್ಟರೆ ಆಗದೆ?

ಇಲ್ಲಿಯೇ ಅತ್ಯಂತ ಎಚ್ಚರ ಬೇಕು. ಬರೆದಿಟ್ಟದ್ದು ಪ್ರಕಟವಾದರೆ ಅದು ಎಲ್ಲರಿಗೂ ತೆರೆದ ಬಾಗಿಲು. ನಮ್ಮ ನಾಟಿ ವೈದ್ಯರಲ್ಲಿ ಅನೇಕರು ಇಂದಿಗೂ ಹಸಿರು ಮದ್ದಿನ ಗಿಡದ ಹೆಸರನ್ನು ಹೇಳುವುದಿಲ್ಲ. ಹೆಸರು ಹೇಳಿದರೆ ಮದ್ದು ನಾಟುವುದಿಲ್ಲ ಎನ್ನುತ್ತಾರೆ. ಸೊಪ್ಪನ್ನು ಅಂಗೈಯಲ್ಲಿ ಮುಚ್ಚಿ ತಂದು, ರೋಗಿಗೆ ಕಾಣದಂತೆ ಅರೆದು, ರಸವನ್ನು ಮಾತ್ರ ಕೊಡುವ ಪದ್ಧತಿಯನ್ನು ಮಲೆನಾಡಿನವರು ಬಲ್ಲರು. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವ ವಿದ್ಯಾವಂತರ ಮಾತನ್ನು ನಾನು ಒಪ್ಪುವುದಿಲ್ಲ. ವ್ಯಾಪಾರ ರಹಸ್ಯಕ್ಕೆ ಆಧುನಿಕ ಕಾನೂನು ಕೊಡುವ ರಕ್ಷಣೆಯನ್ನು ಈ ಕಟ್ಟಳೆ ತನ್ನದೇ ರೀತಿಯಲ್ಲಿ ನೀಡುತ್ತಿತ್ತು. ಯಾರಿಗೆ, ಯಾವಾಗ, ಎಷ್ಟು ಹೇಳಬೇಕೆಂಬ ನಿರ್ಧಾರ ಬಲ್ಲವರ ಕೈಯಲ್ಲೇ ಉಳಿಯುತ್ತಿತ್ತು.

ಇನ್ನೊಂದು ಬದಿಯ ಮಾತೂ ನಿಜ. ಕಲಿಯುವ ಮಕ್ಕಳಿಲ್ಲದೆ ಅಜ್ಜನ ಜೊತೆಯಲ್ಲೇ ಮಣ್ಣಾಗುತ್ತಿರುವ ಜ್ಞಾನವನ್ನು ದಾಖಲಿಸದೆ ಬಿಡುವುದೂ ನಷ್ಟವೇ. ಬೆಂಗಳೂರಿನಲ್ಲಿ 1993ರಲ್ಲಿ ಆರಂಭವಾದ, ಸ್ಥಳೀಯ ಆರೋಗ್ಯ ಪರಂಪರೆಗಳ ಪುನರುಜ್ಜೀವನಕ್ಕಾಗಿ ದುಡಿಯುವ ಪ್ರತಿಷ್ಠಾನವೂ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಅವರೂ 1990ರ ದಶಕದಲ್ಲಿ, ಊರಿನ ಗಿಡಮರ, ಪ್ರಾಣಿಗಳನ್ನೂ ಅವುಗಳ ಬಗೆಗಿನ ಜನರ ಅರಿವನ್ನೂ ಬರೆದಿಡುವ ‘ಜನತಾ ಜೀವವೈವಿಧ್ಯ ದಾಖಲಾತಿ’ಯ ಕಲ್ಪನೆಯನ್ನು ಬೆಳೆಸಿದ್ದು ಈ ಇಕ್ಕಟ್ಟಿನ ನಡುವೆಯೇ. ಮುಂದೆ ಅದೇ ಕಲ್ಪನೆ ದೇಶದ ಕಾನೂನಿನಲ್ಲಿ ಸೇರಿತು. ದಾಖಲಿಸುವುದೋ ಬಿಡುವುದೋ ಎಂಬುದಕ್ಕಿಂತ, ದಾಖಲೆಯ ಬೀಗದ ಕೈ ಯಾರ ಬಳಿ ಇರುತ್ತದೆ ಎಂಬುದೇ ಮುಖ್ಯ.

ಅಂತರರಾಷ್ಟ್ರೀಯ ಮಾತುಕತೆ ಎಲ್ಲಿ, ಹೇಗೆ ಆರಂಭವಾಯಿತು?

1992ರ ಜೀವವೈವಿಧ್ಯ ಒಡಂಬಡಿಕೆಯ 8ನೇ ವಿಧಿಯ ‘ಜೆ’ ಉಪವಿಧಿಯು ಮೂಲನಿವಾಸಿ ಮತ್ತು ಸ್ಥಳೀಯ ಸಮುದಾಯಗಳ ಜ್ಞಾನವನ್ನು ಗೌರವಿಸಿ, ಅದರ ಬಳಕೆಯ ಲಾಭವನ್ನು ನ್ಯಾಯವಾಗಿ ಹಂಚಿಕೊಳ್ಳುವುದನ್ನು ಉತ್ತೇಜಿಸಬೇಕೆಂದು ಹೇಳಿತು. ಅದನ್ನು ಗಟ್ಟಿಗೊಳಿಸಿದ್ದು 2010ರ ನಾಗೋಯಾ ಪ್ರೋಟೋಕಾಲ್. ಅದು 2014ರಲ್ಲಿ ಜಾರಿಗೆ ಬಂತು. 2007ರ ಸೆಪ್ಟೆಂಬರ್ 13ರಂದು ವಿಶ್ವಸಂಸ್ಥೆ ಅಂಗೀಕರಿಸಿದ ಮೂಲನಿವಾಸಿಗಳ ಹಕ್ಕುಗಳ ಘೋಷಣೆಯ 31ನೇ ವಿಧಿಯು, ತಮ್ಮ ಜ್ಞಾನ ಮತ್ತು ಸಂಸ್ಕೃತಿಯ ಮೇಲಿನ ಬೌದ್ಧಿಕ ಆಸ್ತಿಯನ್ನು ಕಾಪಾಡಿ, ನಿಯಂತ್ರಿಸಿ, ಬೆಳೆಸುವ ಹಕ್ಕು ಆ ಜನರದ್ದೇ ಎಂದು ಸ್ಪಷ್ಟವಾಗಿ ಸಾರಿತು. ಘೋಷಣೆಯ ಪರ 144 ದೇಶಗಳು, ಭಾರತವೂ ಸೇರಿ, ಮತ ಹಾಕಿದವು. ವಿರೋಧಿಸಿದ ನಾಲ್ಕು ದೇಶಗಳು ಆಸ್ಟ್ರೇಲಿಯಾ, ಕೆನಡಾ, ನ್ಯೂಜಿಲೆಂಡ್ ಮತ್ತು ಅಮೆರಿಕ. ಮುಂದೆ ನಾಲ್ಕೂ ತಮ್ಮ ನಿಲುವನ್ನು ಬದಲಿಸಿ ಬೆಂಬಲ ಸೂಚಿಸಿದವು.

ಆದರೆ ಪೇಟೆಂಟಿನ ಕಟ್ಟಳೆಗಳು ತಯಾರಾಗುವುದು ಬೇರೊಂದು ಮನೆಯಲ್ಲಿ. ಅದು ಜಿನೀವಾದ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ, ಎಲ್ಲರೂ ವೈಪೊ ಎಂದು ಕರೆಯುವ ವಿಶ್ವಸಂಸ್ಥೆಯ ಅಂಗಸಂಸ್ಥೆ. 1998 ಮತ್ತು 1999ರಲ್ಲಿ ಅದರ ತಂಡಗಳು ಹಲವು ದೇಶಗಳಿಗೆ ಹೋಗಿ ಜ್ಞಾನ ಉಳ್ಳವರ ಅಗತ್ಯಗಳೇನೆಂದು ವಿಚಾರಿಸಿದವು. 1999ರಲ್ಲೇ ಕೊಲಂಬಿಯಾ, ಪೇಟೆಂಟ್ ಅರ್ಜಿಯಲ್ಲಿ ಆನುವಂಶಿಕ ಸಂಪನ್ಮೂಲದ ವಿಷಯವನ್ನು ಸೇರಿಸಬೇಕೆಂಬ ಪ್ರಸ್ತಾವ ಮಂಡಿಸಿತು. 2000ದಲ್ಲಿ ಇದಕ್ಕೆಂದೇ ಒಂದು ಅಂತರ-ಸರ್ಕಾರಿ ಸಮಿತಿ ರಚನೆಯಾಯಿತು. ಅದರ ಮೊದಲ ಸಭೆ ಸೇರಿದ್ದು 2001ರಲ್ಲಿ.

ಒಪ್ಪಂದಕ್ಕೆ ಅಷ್ಟು ವರ್ಷ ಏಕೆ ಹಿಡಿಯಿತು?

ಸಮಿತಿಯಲ್ಲಿ ಎಲ್ಲರ ಒಮ್ಮತದಿಂದಲೇ ಮುಂದೆ ಹೋಗಬೇಕು. ಜೀವವೈವಿಧ್ಯ ಹೆಚ್ಚಿರುವ ಆಫ್ರಿಕಾ, ಲ್ಯಾಟಿನ್ ಅಮೆರಿಕ, ಏಷ್ಯಾದ ದೇಶಗಳು ಕಟ್ಟುನಿಟ್ಟಾದ ಅಂತರರಾಷ್ಟ್ರೀಯ ಕಾನೂನು ಬೇಕೆಂದವು. ಔಷಧ ಮತ್ತು ಜೈವಿಕ ತಂತ್ರಜ್ಞಾನ ಉದ್ಯಮಗಳು ಬಲವಾಗಿರುವ ದೇಶಗಳಲ್ಲಿ ಕೆಲವು, ಅದರಿಂದ ಪೇಟೆಂಟ್‌ಗಳು ಅನಿಶ್ಚಿತವಾಗುತ್ತವೆ, ಸಂಶೋಧನೆ ಕುಂಟುತ್ತದೆ ಎಂದು ತಡೆದವು. ಜೀವವೈವಿಧ್ಯ ಒಡಂಬಡಿಕೆಯನ್ನು ಅನುಮೋದಿಸದ ಅಮೆರಿಕವೂ ಮಾತುಕತೆಯ ಮೇಜಿನಲ್ಲಿತ್ತು ಎಂಬುದನ್ನು ನೆನಪಿಡಬೇಕು. ಒಮ್ಮತವಿಲ್ಲವೆಂದು ತೋರಿಸಲು ಒಂದೊಂದು ಪದದ ಸುತ್ತ ಆವರಣ ಚಿಹ್ನೆ ಹಾಕುವುದು, ಮುಂದಿನ ಸಭೆಯಲ್ಲಿ ತೆಗೆಯುವುದು, ಮತ್ತೆ ಹಾಕುವುದು ಹೀಗೆ ವರ್ಷಗಳು ಕಳೆದವು. 2022ರ ಜುಲೈಯಲ್ಲಿ ವೈಪೊ ಮಹಾಸಭೆಯು, ಮೂರು ವಿಷಯಗಳಲ್ಲಿ ಆನುವಂಶಿಕ ಸಂಪನ್ಮೂಲ ಮತ್ತು ಅದಕ್ಕೆ ಸೇರಿದ ಜ್ಞಾನವನ್ನಷ್ಟೇ ಬೇರ್ಪಡಿಸಿ, ಒಪ್ಪಂದವನ್ನು ಅಂತಿಮಗೊಳಿಸುವ ರಾಜತಾಂತ್ರಿಕ ಸಮ್ಮೇಳನ ನಡೆಸಲು ನಿರ್ಧರಿಸಿದ ಮೇಲೆಯೇ ಗಂಟು ಸಡಿಲವಾಯಿತು.

ಆ ಮಾತುಕತೆಯಲ್ಲಿ ಮೂಲನಿವಾಸಿಗಳಿಗೆ ಸ್ಥಾನವಿತ್ತೆ?

ಸ್ಥಾನವಿತ್ತು, ಮತ ಇರಲಿಲ್ಲ. ಮಾನ್ಯತೆ ಪಡೆದ ವೀಕ್ಷಕರಾಗಿ ಅವರು ಸಭೆಯಲ್ಲಿ ಮಾತನಾಡಬಹುದಿತ್ತು. ಆದರೆ ಅವರು ಸೂಚಿಸಿದ ಒಂದು ಪದ ಕರಡಿನಲ್ಲಿ ಸೇರಬೇಕಾದರೆ ಯಾವುದಾದರೂ ಸದಸ್ಯ ರಾಷ್ಟ್ರ ಅದನ್ನು ಬೆಂಬಲಿಸಬೇಕಿತ್ತು. ಅಂದರೆ ತಮ್ಮದೇ ಜ್ಞಾನದ ಬಗ್ಗೆ ಬರೆಯುವ ಕಾಗದದಲ್ಲಿ ತಮ್ಮ ಮಾತು ಕಾಣಿಸಿಕೊಳ್ಳಲು ಇನ್ನೊಬ್ಬರ ಕೃಪೆ ಬೇಕಿತ್ತು. ಪ್ರಯಾಣ ವೆಚ್ಚಕ್ಕಾಗಿ 2005ರಲ್ಲಿ ಸ್ಥಾಪನೆಯಾದ ಸ್ವಯಂಪ್ರೇರಿತ ನಿಧಿಯು ದೇಣಿಗೆಯನ್ನೇ ನಂಬಿಕೊಂಡದ್ದರಿಂದ ಅದು ಬರಿದಾದ ಕಾಲವೂ ಇತ್ತು. ಆಗ ದೂರದ ದೇಶಗಳಿಂದ ಜಿನೀವಾಕ್ಕೆ ಬರುವುದು ಹೇಗೆ? ಇಷ್ಟೆಲ್ಲ ಅಡಚಣೆಗಳ ನಡುವೆಯೂ ಮೂಲನಿವಾಸಿ ಪ್ರತಿನಿಧಿಗಳ ಕೂಟವು ಪ್ರತಿ ಅಧಿವೇಶನದಲ್ಲೂ ಒಟ್ಟಾಗಿ ಕುಳಿತು ಕರಡನ್ನು ಓದಿ, ತಮ್ಮ ಸಲಹೆಗಳನ್ನು ಬರೆದು, ಬೆಂಬಲಿಸುವ ದೇಶಗಳನ್ನು ಹುಡುಕಿ ಕೆಲಸ ಮಾಡಿತು. ಒಪ್ಪಂದದಲ್ಲಿ ‘ಮೂಲನಿವಾಸಿ ಜನಾಂಗಗಳು’ ಎಂಬ ಹೆಸರು ಉಳಿದುಕೊಂಡದ್ದರಲ್ಲಿ ಅವರ ಬೆವರಿದೆ.

2024ರ ಒಪ್ಪಂದ ಹೇಳುವುದೇನು?

ಸಾರ ಸರಳವಾಗಿದೆ. ಪೇಟೆಂಟ್ ಕೇಳುವ ಆವಿಷ್ಕಾರವು ಒಂದು ಆನುವಂಶಿಕ ಸಂಪನ್ಮೂಲವನ್ನು ಆಧರಿಸಿದ್ದರೆ, ಅದು ಯಾವ ದೇಶದಿಂದ ಬಂತೆಂದು ಅರ್ಜಿದಾರರು ತಿಳಿಸಬೇಕು. ಅದಕ್ಕೆ ಸೇರಿದ ಪಾರಂಪರಿಕ ಜ್ಞಾನವನ್ನು ಆಧರಿಸಿದ್ದರೆ, ಆ ಜ್ಞಾನವನ್ನು ಕೊಟ್ಟ ಮೂಲನಿವಾಸಿ ಜನ ಅಥವಾ ಸ್ಥಳೀಯ ಸಮುದಾಯ ಯಾವುದೆಂದು ಹೇಳಬೇಕು. ಅದು ತಿಳಿಯದಿದ್ದರೆ ಎಲ್ಲಿಂದ ಪಡೆದದ್ದು ಎಂಬ ಆಕರವನ್ನಾದರೂ ಹೇಳಬೇಕು. ಯಾವುದೂ ತಿಳಿಯದಿದ್ದರೆ ತಿಳಿದಿಲ್ಲವೆಂದು ಘೋಷಿಸಿ ಬರೆದುಕೊಡಬೇಕು. 15 ದೇಶಗಳು ಅನುಮೋದಿಸಿ ಅಥವಾ ಸೇರ್ಪಡೆಯಾಗಿ ಪತ್ರ ಸಲ್ಲಿಸಿದ ಮೂರು ತಿಂಗಳ ಬಳಿಕ ಒಪ್ಪಂದ ಜಾರಿಗೆ ಬರುತ್ತದೆ ಎಂದು ಅದರಲ್ಲೇ ಇದೆ. ಬೌದ್ಧಿಕ ಆಸ್ತಿಯ ಅಂತರರಾಷ್ಟ್ರೀಯ ಒಪ್ಪಂದವೊಂದು ಮೂಲನಿವಾಸಿಗಳನ್ನು ಹೆಸರಿಸಿ ಅವರಿಗೆ ಸಂಬಂಧಿಸಿದ ವಿಧಿಗಳನ್ನು ಒಳಗೊಂಡಿರುವುದು ಇದೇ ಮೊದಲು.

ತಿಳಿಸದೆ ಮುಚ್ಚಿಟ್ಟರೆ ಪೇಟೆಂಟ್ ರದ್ದಾಗುತ್ತದೆಯೆ?

ಮೂಲವನ್ನು ತಿಳಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ರದ್ದು ಮಾಡುವಂತಿಲ್ಲ. ಮೊದಲು ತಪ್ಪನ್ನು ಸರಿಪಡಿಸಿಕೊಳ್ಳಲು ಅವಕಾಶ ಕೊಡಬೇಕು. ವಂಚಿಸುವ ಉದ್ದೇಶದಿಂದ ಮುಚ್ಚಿಟ್ಟಿದ್ದರೆ ಮಾತ್ರ ಆಯಾ ದೇಶ ತನ್ನ ಕಾನೂನಿನಂತೆ ಪೇಟೆಂಟ್ ಮಂಜೂರಾದ ಮೇಲೂ ಶಿಕ್ಷಾ ಕ್ರಮ ಕೈಗೊಳ್ಳಬಹುದು. ಅರ್ಜಿದಾರರು ಬರೆದದ್ದು ನಿಜವೋ ಅಲ್ಲವೋ ಎಂದು ಪರಿಶೀಲಿಸುವ ಹೊಣೆ ಪೇಟೆಂಟ್ ಕಚೇರಿಯ ಮೇಲಿಲ್ಲ. ಒಪ್ಪಂದಕ್ಕೆ ಸೇರುವ ಮೊದಲು ಸಲ್ಲಿಕೆಯಾದ ಅರ್ಜಿಗಳಿಗೂ ಇದು ಅನ್ವಯಿಸದು. ಎಲ್ಲಕ್ಕಿಂತ ಮಿಗಿಲಾಗಿ, ‘ಯಾರಿಂದ ಪಡೆದಿರಿ’ ಎಂದು ಕೇಳುವ ಒಪ್ಪಂದ ‘ಅವರು ಒಪ್ಪಿಗೆ ಕೊಟ್ಟಿದ್ದಾರೆಯೆ’ ಎಂದು ಕೇಳುವುದಿಲ್ಲ. ನನ್ನ ದೃಷ್ಟಿಯಲ್ಲಿ ದೊಡ್ಡ ಕೊರತೆ ಇದೇ.

ಆದರೂ ಇದನ್ನು ಬರಿಗೈ ಎನ್ನುವವರ ಜೊತೆ ನಾನಿಲ್ಲ. ಇಲ್ಲಿಯ ತನಕ ಸಮುದಾಯವೊಂದು ತನ್ನ ಮದ್ದಿನ ಮೇಲೆ ಪೇಟೆಂಟ್ ಆಗಿದೆಯೆಂದು ತಿಳಿಯಲು ಸಾವಿರಾರು ಪುಟಗಳ ತಾಂತ್ರಿಕ ಭಾಷೆಯಲ್ಲಿ ಹುಡುಕಬೇಕಿತ್ತು. ಒಪ್ಪಂದ ಜಾರಿಯಾದ ದೇಶಗಳಲ್ಲಿ ಅರ್ಜಿಯಲ್ಲಿಯೇ ಅದರ ಹೆಸರು ಇರಬೇಕು. ಪಾಲು ಕೇಳುವುದಕ್ಕಾಗಲಿ, ತಡೆಯಾಜ್ಞೆ ತರುವುದಕ್ಕಾಗಲಿ ಮೊದಲು ಕೈಯಲ್ಲಿ ಸುಳಿವು ಇರಬೇಕಲ್ಲ. ಜಾರಿಗೆ ಬಂದ ನಾಲ್ಕು ವರ್ಷಗಳ ಬಳಿಕ ಒಪ್ಪಂದದ ವ್ಯಾಪ್ತಿಯನ್ನು ಮರುಪರಿಶೀಲಿಸಬೇಕೆಂಬ ವಿಧಿಯೂ ಅದರಲ್ಲಿದೆ. ಒಪ್ಪಿಗೆಯ ಪ್ರಶ್ನೆಯನ್ನು ಮತ್ತೆ ಎತ್ತುವುದಕ್ಕೆ ಅದೇ ಬಾಗಿಲು.

ಲಾಭ ಹಂಚಿಕೆ ನಿಜವಾಗಿ ನಡೆದ ಉದಾಹರಣೆಗಳಿವೆಯೆ?

ಇವೆ. ಅವುಗಳಲ್ಲಿ ಪಕ್ಕದ ಕೇರಳದ್ದು ಪ್ರಪಂಚದಲ್ಲೇ ಹೆಸರಾದದ್ದು. 1987ರಲ್ಲಿ ಸಸ್ಯವಿಜ್ಞಾನಿ ಪಿ. ಪುಷ್ಪಾಂಗದನ್ ಅವರ ತಂಡ ಅಗಸ್ತ್ಯ ಬೆಟ್ಟಗಳ ಕಾಡಿನಲ್ಲಿ ಏರುತ್ತಿತ್ತು. ದಾರಿ ತೋರುತ್ತಿದ್ದ ಕಾಣಿ ಬುಡಕಟ್ಟಿನವರು ಆಗಾಗ ಒಂದು ಸಣ್ಣ ಕಾಯನ್ನು ಬಾಯಿಗೆ ಹಾಕಿಕೊಂಡು ದಣಿವಿಲ್ಲದೆ ನಡೆಯುತ್ತಿದ್ದರೆ, ವಿಜ್ಞಾನಿಗಳು ಸೋತು ಕೂರುತ್ತಿದ್ದರು. ಅವರಿಗೂ ಕಾಯಿ ಕೊಟ್ಟರು, ದಣಿವು ಇಳಿಯಿತು. ಅದು ಯಾವ ಗಿಡವೆಂದು ಹೇಳಲು ಮಾತ್ರ ದಾರಿ ತೋರುವವರು ಮೊದಲು ಹಿಂದೆಗೆದರು, ಏಕೆಂದರೆ ಅದು ಬುಡಕಟ್ಟಿನ ಗುಟ್ಟು. ದುರುಪಯೋಗ ಮಾಡುವುದಿಲ್ಲವೆಂಬ ಭರವಸೆಯ ಮೇಲೆ ಗಿಡವನ್ನು ತೋರಿಸಿದರು. ಅದೇ ಆರೋಗ್ಯಪಚ್ಚ. ಅದರಿಂದ ತಿರುವನಂತಪುರ ಬಳಿಯ ಸಸ್ಯೋದ್ಯಾನ ಸಂಶೋಧನಾ ಸಂಸ್ಥೆ ‘ಜೀವನಿ’ ಎಂಬ ಔಷಧವನ್ನು ತಯಾರಿಸಿ, 1995ರಲ್ಲಿ ಕೊಯಮತ್ತೂರಿನ ಔಷಧಾಲಯವೊಂದಕ್ಕೆ 10 ಲಕ್ಷ ರೂಪಾಯಿ ಮತ್ತು ಮಾರಾಟದ ಶೇ 2ರ ರಾಯಧನಕ್ಕೆ ಪರವಾನಗಿ ಕೊಟ್ಟಿತು. ಬಂದ ಹಣದಲ್ಲಿ ಅರ್ಧ ಪಾಲು ಕಾಣಿಗಳಿಗೆ ಎಂದು ತೀರ್ಮಾನವಾಗಿ, 1997ರಲ್ಲಿ ಅವರದೇ ಟ್ರಸ್ಟ್ ರಚನೆಯಾಯಿತು. ಆ ಕಾಲಕ್ಕೆ ಇದು ಅಪರೂಪದ ಪ್ರಾಮಾಣಿಕತೆ. ಹಾಗೆಂದು ಎಲ್ಲವೂ ಸುಗಮವಾಗಿರಲಿಲ್ಲ. ಕಾಣಿಗಳೆಲ್ಲ ಒಂದೇ ಕಡೆ ಇರುವವರಲ್ಲ, ಎಲ್ಲರನ್ನೂ ಮೊದಲೇ ಕೇಳಿರಲಿಲ್ಲ ಎಂಬ ಅಸಮಾಧಾನ ಅವರೊಳಗೇ ಎದ್ದಿತು. ಗಿಡವನ್ನು ಕಾಡಿನಿಂದ ತರುವ ವಿಷಯದಲ್ಲಿ ಅರಣ್ಯ ಇಲಾಖೆಯ ಆಕ್ಷೇಪವೂ ಬಂತು.

ಆಫ್ರಿಕಾದ ಕಲಹಾರಿಯ ಸಾನ್ ಜನರ ಕಥೆ ಇನ್ನಷ್ಟು ಕಟುವಾದದ್ದು. ಬೇಟೆಯ ದೀರ್ಘ ನಡಿಗೆಯಲ್ಲಿ ಹಸಿವು, ಬಾಯಾರಿಕೆ ತಡೆಯಲು ಅವರು ಹೂಡಿಯಾ ಎಂಬ ಕಳ್ಳಿಯಂಥ ಗಿಡದ ಕಾಂಡವನ್ನು ಅಗಿಯುತ್ತಿದ್ದರು. ದಕ್ಷಿಣ ಆಫ್ರಿಕಾದ ಸರ್ಕಾರಿ ಸಂಶೋಧನಾ ಮಂಡಳಿ 1990ರ ದಶಕದಲ್ಲಿ ಆ ಗುಣದ ಮೇಲೆ ಪೇಟೆಂಟ್ ಪಡೆದು ಬೊಜ್ಜು ಇಳಿಸುವ ಔಷಧಕ್ಕಾಗಿ ವಿದೇಶಿ ಕಂಪನಿಗಳಿಗೆ ಪರವಾನಗಿ ಕೊಟ್ಟಿತು. ಸಾನ್ ಜನರನ್ನು ಯಾರೂ ಕೇಳಿರಲಿಲ್ಲ. 2001ರಲ್ಲಿ ವಿಷಯ ಪತ್ರಿಕೆಗಳಲ್ಲಿ ಬಂದ ಮೇಲೆ ಅವರು ಸಂಘಟಿತರಾಗಿ, 2003ರಲ್ಲಿ ಮಂಡಳಿಯ ರಾಯಧನದ ಶೇ 6 ಮತ್ತು ಔಷಧ ತಯಾರಿಕೆ ಒಂದೊಂದು ಹಂತ ದಾಟಿದಾಗ ಬರುವ ಹಂತ ಪಾವತಿಗಳ ಶೇ 8ರ ಪಾಲು ಪಡೆಯುವ ಒಪ್ಪಂದ ಮಾಡಿಕೊಂಡರು. ಆದರೆ ದೊಡ್ಡ ಕಂಪನಿಗಳು ಒಂದೊಂದಾಗಿ ಹಿಂದೆ ಸರಿದು, ಔಷಧ ಮಾರುಕಟ್ಟೆಗೇ ಬರಲಿಲ್ಲ. ಆ ಹೋರಾಟದಲ್ಲಿ ಗಳಿಸಿದ ಅನುಭವವೇ ಮುಂದೆ ಫಲ ಕೊಟ್ಟಿತು: 2019ರಲ್ಲಿ ಸಾನ್ ಮತ್ತು ಖೋಯ್ ಜನರು ರೂಯಿಬೋಸ್ ಚಹಾ ಉದ್ಯಮದೊಂದಿಗೆ, ತೋಟದ ಬಾಗಿಲಿನ ಬೆಲೆಯ, ಅಂದರೆ ಬೆಳೆಗಾರರಿಗೆ ತೋಟದಲ್ಲೇ ಸಿಗುವ ಬೆಲೆಯ, ಶೇ 1.5ರಷ್ಟನ್ನು ಪಡೆಯುವ ಒಪ್ಪಂದಕ್ಕೆ ಸಹಿ ಹಾಕಿದರು.

ಹಾಡು, ಕುಣಿತ, ಕಲೆಗಳಿಗೆ ಏನು ರಕ್ಷಣೆ ಇದೆ?

ಇಲ್ಲಿ ಅಂತರರಾಷ್ಟ್ರೀಯ ಒಪ್ಪಂದ ಇನ್ನೂ ದೂರದಲ್ಲಿದೆ. ವೈಪೊ ಸಮಿತಿಯಲ್ಲಿ ಮಾತುಕತೆ ಮುಂದುವರಿದಿದೆ. 2024ರ ನವೆಂಬರ್‌ನಲ್ಲಿ ರಿಯಾದ್‌ನಲ್ಲಿ ಅಂಗೀಕಾರವಾದ ವಿನ್ಯಾಸ ಕಾನೂನು ಒಪ್ಪಂದವು, ವಿನ್ಯಾಸದ ನೋಂದಣಿಗೆ ಅರ್ಜಿ ಹಾಕುವವರು ಅದಕ್ಕೆ ಸಂಬಂಧಿಸಿದ ಪಾರಂಪರಿಕ ಜ್ಞಾನ ಮತ್ತು ಸಾಂಸ್ಕೃತಿಕ ಅಭಿವ್ಯಕ್ತಿಯ ಮಾಹಿತಿ ಕೊಡಬೇಕೆಂದು ಕೇಳಲು ದೇಶಗಳಿಗೆ ಅವಕಾಶ ಕೊಟ್ಟಿದೆ, ಕಡ್ಡಾಯ ಮಾಡಿಲ್ಲ.

ಕೆಲವು ದೇಶಗಳು ತಮ್ಮ ದಾರಿಯನ್ನು ತಾವೇ ಮಾಡಿಕೊಂಡಿವೆ. ನ್ಯೂಜಿಲೆಂಡಿನಲ್ಲಿ ಆರು ಮಂದಿ ಮಾವೊರಿಗಳು, ಅಂದರೆ ಆ ದೇಶದ ಮೂಲನಿವಾಸಿಗಳು, 1991ರಲ್ಲಿ ತಮ್ಮ ಸಸ್ಯ, ಭಾಷೆ, ಕಲೆ, ಜ್ಞಾನಗಳ ಮೇಲಿನ ಅಧಿಕಾರಕ್ಕಾಗಿ ಮಾವೊರಿಗಳ ಅಹವಾಲು ಕೇಳುವ ವೈಟಾಂಗಿ ನ್ಯಾಯಮಂಡಳಿಯ ಮುಂದೆ ದಾವೆ ಹೂಡಿದರು. ವರದಿ ಬಂದದ್ದು 20 ವರ್ಷಗಳ ನಂತರ, 2011ರಲ್ಲಿ. ರಗ್ಬಿ ಮೈದಾನದಲ್ಲಿ ಜಗತ್ತೆಲ್ಲ ನೋಡುವ ‘ಕಾ ಮಾಟೆ’ ಹಾಕಾ ಕುಣಿತವು ಮುಖಂಡ ತೆ ರೌಪರಾಹಾ ಕಟ್ಟಿದ್ದು, ಅದು ಙಾಟಿ ಟೋವಾ ಜನರದ್ದು ಎಂದು ಹೇಳಬೇಕೆಂಬ ಕಾನೂನು 2014ರಲ್ಲಿ ಬಂತು. ಅದರಲ್ಲಿ ಹಣದ ಮಾತಿಲ್ಲ, ಹೆಸರು ಹೇಳಬೇಕೆಂಬ ಹಕ್ಕು ಮಾತ್ರ ಇದೆ.

ನಮ್ಮಲ್ಲಿ ಅಂಕೋಲಾದ ಹಾಲಕ್ಕಿ ಸಮುದಾಯದ ಸುಕ್ರಿ ಬೊಮ್ಮಗೌಡರನ್ನು ನೆನೆದರೆ ಈ ಪ್ರಶ್ನೆ ಮನೆಗೇ ಬರುತ್ತದೆ. ಅವರ ಕಂಠದಲ್ಲಿದ್ದ ಹಾಡುಗಳಿಗಾಗಿ 2017ರಲ್ಲಿ ಪದ್ಮಶ್ರೀ ಬಂತು. ಅದೇ ತಾಲ್ಲೂಕಿನ ತುಳಸಿ ಗೌಡರಿಗೆ ಕಾಡಿನ ಗಿಡಗಳ ಅರಿವಿಗಾಗಿ ಅದೇ ಗೌರವ ಸಂದಿತು. ಇಬ್ಬರೂ ಈಗಿಲ್ಲ. ಹಾಲಕ್ಕಿಗಳ ಹಾಡನ್ನು ಯಾರೋ ಧ್ವನಿಮುದ್ರಿಸಿ ಹೊಸ ವಾದ್ಯ ಸೇರಿಸಿ ಮಾರಿದರೆ, ಆ ಧ್ವನಿಮುದ್ರಣದ ಮೇಲೆ ನಿರ್ಮಾಪಕರಿಗೆ ಕಾನೂನಿನ ಹಕ್ಕಿದೆ, ಹಾಡಿದವರಿಗೆ ಕಲಾವಿದರ ಹಕ್ಕಿದೆ. ಹಾಡನ್ನು ಅಷ್ಟು ಕಾಲ ಉಳಿಸಿಕೊಂಡು ಬಂದ ಸಮುದಾಯಕ್ಕೆ ಸಮುದಾಯವಾಗಿ ಯಾವ ಹಕ್ಕೂ ಇಲ್ಲ.

ಭೌಗೋಳಿಕ ಸೂಚಿ ಇದಕ್ಕೆ ಪರಿಹಾರವಲ್ಲವೆ?

ಭೌಗೋಳಿಕ ಸೂಚಿ (ಜಿಐ) ಎಂದರೆ ಒಂದು ಪ್ರದೇಶದ ಹೆಸರಿನಿಂದ ಪ್ರಸಿದ್ಧವಾದ ವಸ್ತುವಿನ ಹೆಸರಿಗೆ ಕಾನೂನು ಕೊಡುವ ಮಾನ್ಯತೆ. ಚನ್ನಪಟ್ಟಣದ ಗೊಂಬೆ, ಬೀದರಿನ ಬಿದ್ರಿ ಕೆಲಸ, ಇಳಕಲ್ ಸೀರೆ, ಕಸೂತಿ, ಉಡುಪಿಯ ಮಟ್ಟು ಗುಳ್ಳ ಮುಂತಾದವುಗಳಿಗೆ ಈ ಮಾನ್ಯತೆ ಸಿಕ್ಕಿರುವುದು ಒಳ್ಳೆಯದೇ. ಆದರೆ ಅದು ಹೆಸರನ್ನು ಕಾಯುತ್ತದೆ, ವಿದ್ಯೆಯನ್ನಲ್ಲ. ಕಸೂತಿಯ ಗೋಪುರ, ತೇರಿನ ಚಿತ್ತಾರಗಳನ್ನು ಯಂತ್ರದಲ್ಲಿ ಹೊಲಿದು ಬೇರೆ ಹೆಸರಿನಲ್ಲಿ ಮಾರಿದರೆ ಇದು ತಡೆಯಲಾರದು.

ಭಾರತದ ಕಾನೂನಿನಲ್ಲಿ ಸಮುದಾಯಗಳು ಹಿಡಿದುಕೊಳ್ಳಬಹುದಾದ ಅಂಶಗಳು ಯಾವುವು?

ನಮ್ಮ ಪೇಟೆಂಟ್ ಕಾಯ್ದೆ ಈ ವಿಷಯದಲ್ಲಿ ಅನೇಕ ದೇಶಗಳಿಗಿಂತ ಮುಂದಿದೆ. ಪಾರಂಪರಿಕ ಜ್ಞಾನವೇ ಆಗಿರುವ ಆವಿಷ್ಕಾರಕ್ಕೆ ಪೇಟೆಂಟ್ ಇಲ್ಲವೆಂದು ಅದರ 3ನೇ ಸೆಕ್ಷನ್ ಹೇಳುತ್ತದೆ. 25ನೇ ಸೆಕ್ಷನ್ ಪ್ರಕಾರ, ಜೈವಿಕ ಸಾಮಗ್ರಿಯ ಮೂಲವನ್ನು ತಿಳಿಸದಿದ್ದರೆ ಅಥವಾ ತಪ್ಪಾಗಿ ತಿಳಿಸಿದರೆ ಆಕ್ಷೇಪಣೆ ಸಲ್ಲಿಸಬಹುದು. ಯಾವುದೇ ಸ್ಥಳೀಯ ಅಥವಾ ಮೂಲನಿವಾಸಿ ಸಮುದಾಯದಲ್ಲಿ ಬಾಯಿಮಾತಿನಲ್ಲಿ ಇದ್ದ ಜ್ಞಾನವನ್ನೂ ಆಧಾರವಾಗಿ ತೋರಿಸಬಹುದು. ಅರಿಶಿನದ ಕಾಲದಲ್ಲಿ ಅಮೆರಿಕದ ಕಾನೂನಿನಲ್ಲಿ ಇರದಿದ್ದದ್ದು ಇದೇ.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನರ ಜೊತೆ ಸೇರಿ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. 2023ರ ತಿದ್ದುಪಡಿ ಗ್ರಂಥಸ್ಥ ಪಾರಂಪರಿಕ ಜ್ಞಾನದ ಬಳಕೆದಾರರಿಗೂ ನೋಂದಾಯಿತ ಆಯುಷ್ ವೈದ್ಯರಿಗೂ ಲಾಭ ಹಂಚಿಕೆಯಂಥ ಹೊಣೆಗಳಿಂದ ಹಲವು ವಿನಾಯಿತಿಗಳನ್ನು ನೀಡಿ, ಜೈಲು ಶಿಕ್ಷೆಯ ಬದಲು 1 ಲಕ್ಷದಿಂದ 50 ಲಕ್ಷ ರೂಪಾಯಿಯ ತನಕ ದಂಡ ನಿಗದಿಪಡಿಸಿತು. ಗ್ರಂಥದಲ್ಲಿರುವುದಕ್ಕೂ ಜನರ ಬಾಯಲ್ಲಿರುವುದಕ್ಕೂ ನಡುವೆ ಗೆರೆ ಎಳೆಯುವುದು ಕಷ್ಟವಾದ್ದರಿಂದ, ಈ ವಿನಾಯಿತಿಯಿಂದ ಸಮುದಾಯಗಳ ಪಾಲು ಸೋರಿಹೋಗುವ ಅಪಾಯವಿದೆ ಎಂಬ ಆತಂಕ ಸಕಾರಣವಾದದ್ದು.

ಹೆಚ್ಚು ಮಂದಿ ಗಮನಿಸದೆ ಬಿಟ್ಟದ್ದು 2006ರ ಅರಣ್ಯ ಹಕ್ಕು ಕಾಯ್ದೆ. ಅದರ 3ನೇ ಸೆಕ್ಷನ್ನಿನಲ್ಲಿ ಭೂಮಿಯ ಹಕ್ಕಿನ ಜೊತೆಗೆ, ಜೀವವೈವಿಧ್ಯ ಮತ್ತು ಸಾಂಸ್ಕೃತಿಕ ವೈವಿಧ್ಯಕ್ಕೆ ಸಂಬಂಧಿಸಿದ ಬೌದ್ಧಿಕ ಆಸ್ತಿ ಹಾಗೂ ಪಾರಂಪರಿಕ ಜ್ಞಾನದ ಮೇಲಿನ ಸಮುದಾಯದ ಹಕ್ಕನ್ನೂ ಹೆಸರಿಸಲಾಗಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಸಾಮುದಾಯಿಕ ಅರಣ್ಯ ಹಕ್ಕುಗಳನ್ನು ಪಡೆದು ದೇಶಕ್ಕೆ ದಾರಿ ತೋರಿದರು. ಗ್ರಾಮಸಭೆಯು ಸಾಮುದಾಯಿಕ ಹಕ್ಕಿನ ಅರ್ಜಿ ಸಲ್ಲಿಸುವಾಗ ಕಿರು ಅರಣ್ಯ ಉತ್ಪನ್ನದ ಸಾಲಿನ ಜೊತೆಗೆ ಜ್ಞಾನದ ಹಕ್ಕಿನ ಸಾಲನ್ನೂ ತುಂಬಿಸಬೇಕು. ಅದನ್ನು ಖಾಲಿ ಬಿಡಬಾರದು.

ನಮ್ಮ ಪಂಚಾಯಿತಿಯಲ್ಲಿ ದಾಖಲಾತಿ ಮಾಡಲು ಯಾರಾದರೂ ಬಂದರೆ ಏನು ಕೇಳಬೇಕು?

ಮೊದಲು, ಹೇಳಿದ್ದನ್ನು ಎಲ್ಲಿ ಇಡುತ್ತಾರೆ, ಯಾರು ಓದಬಹುದು, ಅಂತರ್ಜಾಲದಲ್ಲಿ ಹಾಕುತ್ತಾರೆಯೆ ಎಂದು ಕೇಳಬೇಕು. ನಾಟಿ ವೈದ್ಯರ ಒಪ್ಪಿಗೆಯನ್ನು ಕನ್ನಡದಲ್ಲಿ, ಅವರಿಗೆ ಓದಿ ಹೇಳಿ, ಅರ್ಥವಾದ ಮೇಲೆಯೇ ಪಡೆಯಬೇಕು. ಒಬ್ಬರ ಸಹಿ ಇಡೀ ಹಾಡಿಯ ಒಪ್ಪಿಗೆ ಆಗುವುದಿಲ್ಲ ಎಂಬುದನ್ನು ಕಾಣಿಗಳ ಅನುಭವ ತೋರಿಸಿಕೊಟ್ಟಿದೆ. ಗಿಡದ ಹೆಸರು, ಅದು ಬೆಳೆಯುವ ಜಾಗ, ಅದರ ಬಳಕೆ ಮೂರನ್ನೂ ಒಂದೇ ಪುಟದಲ್ಲಿ ಎಲ್ಲರಿಗೂ ಕಾಣುವಂತೆ ಬರೆಯಿಸದೆ, ಗುಟ್ಟೆಂದು ಹೇಳಿದ ಭಾಗವನ್ನು ಪ್ರತ್ಯೇಕವಾಗಿ, ಸಮಿತಿಯ ವಶದಲ್ಲೇ ಇಡುವ ವ್ಯವಸ್ಥೆ ಆಗಬೇಕು. ಹೇಳಲು ಮನಸ್ಸಿಲ್ಲದವರನ್ನು ಒತ್ತಾಯಿಸಬಾರದು. ನಿನ್ನೆ ಹೇಳಿದ್ದನ್ನು ಇಂದು ತೆಗೆಸಬೇಕೆಂದರೆ ತೆಗೆಯಬೇಕು. ದಾಖಲಾತಿಯ ಒಂದು ಪೂರ್ಣ ಪ್ರತಿ ಗ್ರಾಮದಲ್ಲೇ ಉಳಿಯಬೇಕು, ಮತ್ತು ಅದರಲ್ಲಿ ಹೇಳಿದವರ ಹೆಸರು, ಅವರಿಗೆ ಕಲಿಸಿದವರ ಹೆಸರು, ದಿನಾಂಕ ಇರಬೇಕು. ಮುಂದೊಂದು ದಿನ ಪೇಟೆಂಟ್ ಅರ್ಜಿಯ ಮೂಲದ ಅಂಕಣದಲ್ಲಿ ಯಾರ ಹೆಸರು ಬರೆಯಬೇಕಿತ್ತು ಎಂಬ ಪ್ರಶ್ನೆ ಎದ್ದರೆ, ತೆರೆದು ತೋರಿಸಲು ಬೇಕಾಗುವುದು ಅದೇ ಪುಟ.